ಕೃತವನ್ನರಿಯುವ ವಿದ್ಯೆ

ಕಳೆದ ತಿಂಗಳು ನಮ್ಮ ಊರಿನಲ್ಲಿ ಕೃತಜ್ಞತೆಯನ್ನು ಕುರಿತು ಒಂದು ಉಪನ್ಯಾಸ ನಡೆಯಿತು. ಉಪನ್ಯಾಸಕರು ವಿದ್ಯಾವಂತರು, ಮೃದುಭಾಷಿಗಳು, ತಮ್ಮ ಮಾತನ್ನು ತಾವು ಮನಸಾರೆ ನಂಬಿದವರು. ದಿನವೂ ಮಲಗುವ ಮುನ್ನ ಆ ದಿನ ತನಗೊದಗಿದ ಮೂರು ಶುಭಸಂಗತಿಗಳನ್ನು ಪುಸ್ತಕವೊಂದರಲ್ಲಿ ಬರೆದಿಡುವವನಿಗೆ ನಿದ್ರೆ ಸುಖವಾಗಿ ಬರುತ್ತದೆ, ಚಿಂತೆ ಕಡಿಮೆಯಾಗುತ್ತದೆ, ಮನೆಯವರ ಮೇಲಿನ ಸಿಡುಕು ತಗ್ಗುತ್ತದೆ ಎಂಬುದನ್ನು ಅವರು ಅನೇಕ ದೃಷ್ಟಾಂತಗಳಿಂದ ವಿವರಿಸಿದರು. ಮಾತು ಮುಗಿದ ಮೇಲೆ ಹಿಂದಿನ ಸಾಲಿನಲ್ಲಿ ಕುಳಿತಿದ್ದ ವೃದ್ಧೆಯೊಬ್ಬರು ಎದ್ದು ನಿಂತು, “ಕೃತಜ್ಞತೆ ಅಂದಿರಲ್ಲ, ಅದು ಯಾರಿಗೆ?” ಎಂದು ಕೇಳಿದರು. ಉಪನ್ಯಾಸಕರು ಪ್ರಸನ್ನರಾಗಿಯೇ ಉತ್ತರಕೊಟ್ಟರು: “ಯಾರಿಗಾದರೂ ಸರಿಯಮ್ಮ, ಯಾರಿಗೂ ಅಲ್ಲದಿದ್ದರೂ ಸರಿ, ಫಲ ಒಂದೇ.” ಸಭೆ ಚಪ್ಪಾಳೆ ತಟ್ಟಿತು, ವೃದ್ಧೆ ಕುಳಿತುಕೊಂಡರು. ಮನೆಯವರೆಗಿನ ದಾರಿಯುದ್ದಕ್ಕೂ ಆ ಪ್ರಶ್ನೆ ನನ್ನ ಜೊತೆಯಲ್ಲಿಯೇ ನಡೆದು ಬಂದಿತು. ಅಂದಿನಿಂದ ಇಂದಿನವರೆಗೂ ಆ ಉತ್ತರದೊಡನೆ ನಾನು ಮನಸ್ಸಿನಲ್ಲಿ ವಾದಿಸುತ್ತಲೇ ಇದ್ದೇನೆ.

ಆ ಮಾತಿಗೆ ಆಧಾರವೇ ಇಲ್ಲವೆಂದು ನಾನು ಹೇಳುತ್ತಿಲ್ಲ. ಎಮನ್ಸ್ ಮತ್ತು ಮೆಕಲಾ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ತಮಗೆ ದೊರೆತ ಒಳಿತುಗಳನ್ನು ಪಟ್ಟಿಮಾಡಿದವರು ತಮ್ಮ ಕಿರುಕುಳಗಳನ್ನು ಪಟ್ಟಿಮಾಡಿದವರಿಗಿಂತ ಹೆಚ್ಚು ನೆಮ್ಮದಿಯನ್ನು ಅನುಭವಿಸಿದುದು ಕಂಡುಬಂದಿತು. ಅದನ್ನು ಅಲ್ಲಗಳೆಯುವ ಇಚ್ಛೆಯಾಗಲಿ ಅಧಿಕಾರವಾಗಲಿ ನನಗಿಲ್ಲ. ಆದರೆ ಒಂದು ಕಾರ್ಯದಿಂದ ಫಲ ಒದಗುತ್ತದೆ ಎಂದ ಮಾತ್ರಕ್ಕೆ ಆ ಫಲವೇ ಆ ಕಾರ್ಯದ ಅರ್ಥವಾಗುವುದಿಲ್ಲ. ಮಗುವನ್ನು ಎತ್ತಿ ಆಡಿಸುವುದರಿಂದ ತಾಯಿಯ ತೋಳಿಗೆ ಬಲ ಬರುವುದು ನಿಜ; ತೋಳಿಗೆ ಬಲ ಬರಲೆಂದು ಮಗುವನ್ನು ಎತ್ತಿಕೊಂಡ ತಾಯಿಯನ್ನು ಮಾತ್ರ ಯಾರೂ ಕಂಡಿಲ್ಲ. ಯಾರಿಗೂ ಸಲ್ಲದ ಕೃತಜ್ಞತೆಯೆಂಬುದು ಮಗುವಿಲ್ಲದೆ ತೋಳುಗಳನ್ನು ತೂಗಿದಂತೆ. ಅದರಿಂದ ವ್ಯಾಯಾಮವಾದೀತು, ವಾತ್ಸಲ್ಯವಾಗದು.

ನಮ್ಮ ಭಾಷೆ ಈ ವಿಷಯದಲ್ಲಿ ನಮಗಿಂತ ಹೆಚ್ಚು ಎಚ್ಚರವಾಗಿದೆ ಎಂದು ನನಗೆ ತೋರುತ್ತದೆ. ‘ಕೃತಜ್ಞ’ ಎಂಬ ಪದದಲ್ಲಿ ಸಂತೋಷವನ್ನು ಸೂಚಿಸುವ ಧಾತುವಿಲ್ಲ, ನೆಮ್ಮದಿಯನ್ನು ಸೂಚಿಸುವ ಧಾತುವಿಲ್ಲ. ಇರುವುದು ‘ಕೃತ’ ಮತ್ತು ‘ಜ್ಞ’, ಎಂದರೆ ಮಾಡಲ್ಪಟ್ಟದ್ದು ಮತ್ತು ಅದನ್ನು ಬಲ್ಲವನು. ಕೃತಜ್ಞತೆ ಭಾವಕ್ಕಿಂತ ಮೊದಲು ಒಂದು ಜ್ಞಾನ. ತನಗಾಗಿ ಯಾರು, ಏನನ್ನು, ಎಷ್ಟು ಬೆಲೆ ತೆತ್ತು ಮಾಡಿದರು ಎಂಬುದನ್ನು ತಿಳಿಯುವ ವಿದ್ಯೆ. ಮಾಡಿದವನಿಲ್ಲದೆ ಕೃತವಿಲ್ಲ, ಕೃತವಿಲ್ಲದೆ ಕೃತಜ್ಞತೆಯಿಲ್ಲ. ಈ ವಿದ್ಯೆಗೆ ಕುಟುಂಬಕ್ಕಿಂತ ಕಠಿನವಾದ ಪಾಠಶಾಲೆ ಮತ್ತೊಂದಿಲ್ಲವೆಂಬುದು ನನ್ನ ಮತ. ಅಪರಿಚಿತನು ಮಾಡಿದ ಉಪಕಾರ ಕಣ್ಣಿಗೆ ಹೊಡೆದಂತೆ ಕಾಣುತ್ತದೆ; ಮನೆಯವರು ಮಾಡಿದ್ದು ದಿನವೂ ನಡೆಯುವುದರಿಂದಲೇ ಗಾಳಿಯಂತೆ ಅಗೋಚರವಾಗಿಬಿಡುತ್ತದೆ. ಈ ಅಗೋಚರವನ್ನು ಗೋಚರವಾಗಿಸುವ ಅಭ್ಯಾಸವನ್ನು ಕ್ರೈಸ್ತ ವಿಶ್ವಾಸವು ತನ್ನ ಮಕ್ಕಳಿಗೆ ಊಟದ ತಟ್ಟೆಯ ಮುಂದೆ, ಸಂಜೆಯ ದೀಪದ ಕೆಳಗೆ, ಅತ್ಯಂತ ಸಾಮಾನ್ಯವಾದ ಕ್ಷಣಗಳಲ್ಲಿ ಕಲಿಸುತ್ತ ಬಂದಿದೆ. ಕಲಿಸಿದ್ದನ್ನು ನಾವು ಕಲಿತೆವೋ ಇಲ್ಲವೋ ಎಂಬುದು ಬೇರೆ ಮಾತು, ಅದನ್ನೂ ಮುಂದೆ ಹೇಳುತ್ತೇನೆ.

ನಾನು ಹುಟ್ಟಿ ಬೆಳೆದದ್ದು ಗದಗ-ಬೆಟಗೇರಿಯ ಕಡೆಯ ಒಂದು ಕ್ರೈಸ್ತ ಮನೆತನದಲ್ಲಿ. 1834ರಲ್ಲಿ ಮಂಗಳೂರಿಗೆ ಬಂದಿಳಿದು, 1837ರಲ್ಲಿ ಧಾರವಾಡಕ್ಕೆ, ಅನಂತರ ಹುಬ್ಬಳ್ಳಿ ಬೆಟಗೇರಿಗಳಿಗೆ ವ್ಯಾಪಿಸಿದ ಬಾಸೆಲ್ ಮಿಷನ್ನಿನವರು ನಮ್ಮ ಹಿರಿಯರಿಗೆ ಜರ್ಮನ್ ರಾಗಗಳಲ್ಲಿ ಕನ್ನಡ ಸಂಗೀತಗಳನ್ನು ಹಾಡುವುದನ್ನು ಕಲಿಸಿದಂತೆಯೇ ಕುಟುಂಬ ಪ್ರಾರ್ಥನೆಯೆಂಬ ಪದ್ಧತಿಯನ್ನೂ ಕಲಿಸಿದರು. ಸಂಜೆ ಏಳರ ಸುಮಾರಿಗೆ ಮನೆಯವರೆಲ್ಲ ಚಾಪೆಯ ಮೇಲೆ ಕುಳಿತು, ಒಂದು ಸಂಗೀತವನ್ನು ಹಾಡಿ, ಸತ್ಯವೇದದ ಒಂದು ಭಾಗವನ್ನು ಓದಿ, ಮನೆಯ ಹಿರಿಯನು ಮಾಡುವ ಪ್ರಾರ್ಥನೆಗೆ ಆಮೆನ್ ಎಂದ ಬಳಿಕವೇ ರೊಟ್ಟಿಯ ಬುಟ್ಟಿ ತೆರೆಯುತ್ತಿತ್ತು. ನಮ್ಮವರು ಇದನ್ನು ‘ಧನ್ಯವಾದ’ ಎಂದು ಕರೆಯುತ್ತಿರಲಿಲ್ಲ, ‘ಸ್ತೋತ್ರ’ ಎನ್ನುತ್ತಿದ್ದರು. ಸತ್ಯವೇದದ ಕನ್ನಡದಲ್ಲಿ ಕರ್ತನು ರೊಟ್ಟಿಯನ್ನು ತೆಗೆದುಕೊಂಡು ಸ್ತೋತ್ರಮಾಡುತ್ತಾನೆ. ನಮ್ಮ ಹಳ್ಳಿಯ ಕ್ರೈಸ್ತರು ದಾರಿಯಲ್ಲಿ ಎದುರಾದರೂ ಸ್ತೋತ್ರವೆಂದೇ ವಂದಿಸುತ್ತಾರೆ. ಹೀಗೆ ವಂದನೆ, ಊಟ, ಉಪಕಾರಸ್ಮರಣೆ ಮೂರಕ್ಕೂ ಒಂದೇ ಮಾತಾದಾಗ ಕೃತಜ್ಞತೆಯೆಂಬುದು ವಿಶೇಷ ಸಂದರ್ಭದ ಉಡುಪಾಗದೆ ದಿನದ ಅರಿವೆಯಾಗುತ್ತದೆ.

ಆ ಪ್ರಾರ್ಥನೆಗಳಲ್ಲಿ ಕರ್ತನು ಕಲಿಸಿದ ಪ್ರಾರ್ಥನೆಯೂ ಇರುತ್ತಿತ್ತು, ಅದರೊಳಗೆ ಅನುದಿನದ ಆಹಾರಕ್ಕಾಗಿ ಬೇಡುವ ಬೇಡಿಕೆಯೂ ಇರುತ್ತಿತ್ತು. ಈ ಬೇಡಿಕೆಗೆ ಮಾರ್ಟಿನ್ ಲೂಥರನು 1529ರಲ್ಲಿ, ಮನೆಯ ಯಜಮಾನರು ತಮ್ಮ ಮಕ್ಕಳಿಗೂ ಆಳುಗಳಿಗೂ ಕಲಿಸಲೆಂದು ಬರೆದ ಚಿಕ್ಕ ಪ್ರಶ್ನೋತ್ತರ ಗ್ರಂಥದಲ್ಲಿ ಮಾಡಿದ ವ್ಯಾಖ್ಯಾನವನ್ನು ಓದಿದಾಗಲೆಲ್ಲ ನಾನು ಬೆರಗಾಗುತ್ತೇನೆ. ಆಹಾರವೆಂದರೆ ಏನು ಎಂದು ಕೇಳಿಕೊಂಡ ಆ ಪಂಡಿತನು ಅನ್ನಪಾನಗಳಿಂದ ಆರಂಭಿಸಿ, ಬಟ್ಟೆ ಪಾದರಕ್ಷೆಗಳಿಗೆ ಬಂದು, ಮನೆ ಹೊಲ ದನಕರುಗಳನ್ನು ದಾಟಿ, ಒಳ್ಳೆಯ ಹೆಂಡತಿ ಅಥವಾ ಗಂಡ, ಒಳ್ಳೆಯ ಮಕ್ಕಳು, ಒಳ್ಳೆಯ ಕೆಲಸದವರು, ನ್ಯಾಯವಾದ ಆಡಳಿತ, ಹದವಾದ ಹವೆ, ಆರೋಗ್ಯ, ನಂಬಿಗಸ್ತರಾದ ನೆರೆಹೊರೆಯವರು ಎಂದು ಪಟ್ಟಿಯನ್ನು ಬೆಳೆಸುತ್ತ ಹೋಗುತ್ತಾನೆ. ಒಂದು ತುತ್ತಿನೊಳಗೆ ಒಂದು ಸಂಸಾರವೂ ಒಂದು ಊರೂ ಅಡಗಿವೆಯೆಂಬ ಈ ಕಾಣ್ಕೆಯೇ ನಾನು ಹೇಳಹೊರಟ ವಿದ್ಯೆಯ ಮೊದಲ ಪಾಠ. ಕೊಡುವವನು ದೇವರೆಂಬುದು ನಿಜ. ಆದರೆ ಅವನು ಆಕಾಶದಿಂದ ರೊಟ್ಟಿಯನ್ನು ಉದುರಿಸುವುದು ಅಪರೂಪ, ಒಬ್ಬ ಮನುಷ್ಯನ ಕೈಯಿಂದ ಇನ್ನೊಬ್ಬ ಮನುಷ್ಯನ ತಟ್ಟೆಗೆ ಬಡಿಸುವುದೇ ಅವನ ನಿತ್ಯದ ಕ್ರಮ.

ಇಲ್ಲಿ ಒಂದು ಗಂಭೀರವಾದ ಆಕ್ಷೇಪಕ್ಕೆ ಎಡೆಕೊಡಬೇಕು. ನನ್ನ ಮಿತ್ರರೊಬ್ಬರು, ಕನ್ನಡವನ್ನು ಮೂವತ್ತು ವರ್ಷ ಬೋಧಿಸಿ ನಿವೃತ್ತರಾದವರು, ಮನೆಯೊಳಗೆ ಉಪಕಾರವನ್ನು ಬಾಯಿಬಿಟ್ಟು ಸ್ಮರಿಸುವುದು ನಮ್ಮ ನಾಡಿನ ರೀತಿಯಲ್ಲವೆಂದು ವಾದಿಸುತ್ತಾರೆ. ಅವರ ವಾದ ಹೀಗಿದೆ: ಉಪಕಾರಕ್ಕೆ ಧನ್ಯವಾದ ಹೇಳುವುದೆಂದರೆ ಲೆಕ್ಕವನ್ನು ಚುಕ್ತಾ ಮಾಡಿದಂತೆ, ಖಾನಾವಳಿಯಲ್ಲಿ ಉಂಡವನು ಹಣಕೊಟ್ಟು ಎದ್ದು ಹೋಗುತ್ತಾನೆ, ಅವನಿಗೂ ಬಡಿಸಿದವನಿಗೂ ಅಲ್ಲಿಗೆ ಸಂಬಂಧ ತೀರುತ್ತದೆ. ನಮ್ಮಲ್ಲಿರುವುದು ಋಣದ ಕಲ್ಪನೆ. ದೇವಋಣ, ಋಷಿಋಣ, ಪಿತೃಋಣಗಳೆಂದು ಹಿರಿಯರು ಎಣಿಸಿದ್ದು, ಉಪ್ಪಿನ ಋಣವೆಂದು ಹಳ್ಳಿಯವನು ನೆನೆಯುವುದು, ಉಂಡ ಮನೆಯ ಜಂತೆ ಎಣಿಸಬಾರದೆಂದು ಗಾದೆ ಹೇಳುವುದು, ಇವೆಲ್ಲ ತೀರಿಸಲಾಗದ ಸಾಲದ ಮಾತುಗಳು. ತೀರದಿರುವುದರಿಂದಲೇ ಅವು ಜನರನ್ನು ಜನ್ಮಪರ್ಯಂತ ಬೆಸೆಯುತ್ತವೆ. ತಾಯಿಗೆ ಧನ್ಯವಾದ ಹೇಳಿದ ಮಗನು ಆ ಕ್ಷಣಕ್ಕೆ ಅತಿಥಿಯಾಗಿಬಿಡುತ್ತಾನೆ, ಮಗನಾಗಿ ಉಳಿಯುವುದಿಲ್ಲ.

ಈ ಮಾತಿನಲ್ಲಿ ಎಷ್ಟು ಸತ್ಯವಿದೆಯೆಂದರೆ, ಅನೇಕ ದಿನಗಳವರೆಗೆ ನಾನು ಇದಕ್ಕೆ ಉತ್ತರವನ್ನೇ ಹುಡುಕಲಿಲ್ಲ. ಬಾಯಿತುದಿಯ ಧನ್ಯವಾದ ಬಾಂಧವ್ಯವನ್ನು ತೆಳುಗೊಳಿಸುತ್ತದೆಂಬುದನ್ನು ನಾನು ಒಪ್ಪುತ್ತೇನೆ. ಋಣವೆಂಬ ಪದದ ಘನತೆಯನ್ನೂ ಒಪ್ಪುತ್ತೇನೆ. ಕ್ರೈಸ್ತನ ಸ್ತೋತ್ರವೂ ಸಾಲ ತೀರಿಸುವ ಮಾತಲ್ಲ. ದೇವರ ಋಣವನ್ನು ತೀರಿಸಬಲ್ಲೆನೆಂದು ಭಾವಿಸುವವನು ಇನ್ನೂ ಪ್ರಾರ್ಥನೆಯ ಹೊಸ್ತಿಲಲ್ಲಿಯೇ ನಿಂತಿದ್ದಾನೆ. ಆದರೆ ಲೂಕನ ಸುವಾರ್ತೆಯ ಹದಿನೇಳನೆಯ ಅಧ್ಯಾಯದಲ್ಲಿ ಬರುವ ಹತ್ತು ಮಂದಿ ಕುಷ್ಠರೋಗಿಗಳ ವೃತ್ತಾಂತವನ್ನು ನನ್ನ ಮಿತ್ರರ ಮುಂದಿಡಬಯಸುತ್ತೇನೆ. ಯಾಜಕರಿಗೆ ಮೈಯನ್ನು ತೋರಿಸಿಕೊಳ್ಳಿರೆಂದು ಯೇಸು ಆ ಹತ್ತು ಮಂದಿಗೆ ಹೇಳಿದನು. ಹೋಗುತ್ತಿರುವಾಗಲೇ ಅವರು ಶುದ್ಧರಾದರು. ಹಿಂದಿರುಗಿ ಬಂದು ಅವನ ಪಾದಕ್ಕೆ ಬಿದ್ದವನು ಒಬ್ಬನೇ, ಅವನೂ ಪರಕೀಯನಾದ ಸಮಾರ್ಯದವನು. ಉಳಿದ ಒಂಬತ್ತು ಮಂದಿಯನ್ನು ನಾವು ದುಷ್ಟರೆಂದು ಎಣಿಸುವುದುಂಟು. ಅವರು ದುಷ್ಟರಲ್ಲ. ಅವರು ಹೇಳಿದ್ದನ್ನು ಹೇಳಿದಂತೆ ಮಾಡಿದವರು, ಕರ್ತವ್ಯನಿಷ್ಠರು. ಬಹುಶಃ ತಮ್ಮ ಮನಸ್ಸಿನೊಳಗೆ ಋಣವನ್ನೂ ನೆನೆಯುತ್ತಲೇ ನಡೆದಿದ್ದರು. ಅವರಿಗೂ ಸಮಾರ್ಯದವನಿಗೂ ಇದ್ದ ವ್ಯತ್ಯಾಸ ಒಂದೇ: ಅವನು ಹಿಂದಿರುಗಿದನು. ನಡೆಯುತ್ತಿದ್ದ ದಾರಿಯನ್ನು ನಿಲ್ಲಿಸಿ, ಕೊಟ್ಟವನ ಮುಖವಿದ್ದ ಕಡೆಗೆ ತನ್ನ ಮುಖವನ್ನು ತಿರುಗಿಸಿದನು.

ಕುಟುಂಬದಲ್ಲಿ ಇಲ್ಲದಿರುವುದು ಈ ತಿರುಗುವಿಕೆಯೇ. ಕರ್ತವ್ಯ ನಮ್ಮ ಮನೆಗಳಲ್ಲಿ ಧಾರಾಳವಾಗಿದೆ. ದುಡಿಯುವವನು ದುಡಿಯುತ್ತಾನೆ, ಅಡುಗೆ ಮಾಡುವವಳು ಮಾಡುತ್ತಾಳೆ, ಮಕ್ಕಳು ಓದುತ್ತಾರೆ, ಮುದುಕರು ಕಾಯುತ್ತಾರೆ. ಎಲ್ಲರೂ ತಮ್ಮ ತಮ್ಮ ಯಾಜಕರ ಕಡೆಗೆ ನೇರವಾಗಿ ನಡೆಯುತ್ತಿದ್ದಾರೆ. ಮೇಲಾಗಿ, ಮೌನವೇ ನಮ್ಮ ಕೃತಜ್ಞತೆಯ ಭಾಷೆಯೆಂದು ಹೇಳುವಾಗ ಆ ಮೌನವನ್ನು ಯಾರು ಆರಿಸಿಕೊಂಡರೆಂಬುದನ್ನು ಕೇಳಬೇಕು. ಕುಳಿತು ಉಣ್ಣುವವನ ಮೌನ ಅವನಿಗೆ ಸುಖವಾಗಿರಬಹುದು. ನಿಂತು ಬಡಿಸುವವಳಿಗೆ ಅದರ ಅರ್ಥ ತಿಳಿಯುತ್ತಿದೆಯೆಂಬುದಕ್ಕೆ ನಮ್ಮಲ್ಲಿರುವ ಸಾಕ್ಷಿ ಅವಳ ಮೌನವೊಂದೇ, ಅದು ಸಾಕ್ಷಿಯೇ ಅಲ್ಲ.

ದಿನದ ಊಟದ ಮುಂದೆ ಕಲಿತ ಸ್ತೋತ್ರ ಎಷ್ಟು ದೂರ ಮನುಷ್ಯನನ್ನು ಹೊತ್ತೊಯ್ಯಬಲ್ಲುದೆಂಬುದಕ್ಕೆ ನನಗೆ ಪ್ರಿಯವಾದ ಒಂದು ಚರಿತ್ರೆಯುಂಟು. ಅದನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆನು. ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಐಲೆನ್‌ಬುರ್ಗ್ ಎಂಬ ಕೋಟೆಯ ಪಟ್ಟಣದಲ್ಲಿ 1586ರಲ್ಲಿ ಹುಟ್ಟಿ, 1617ರಿಂದ ಅಲ್ಲಿಯೇ ಸಭಾಪಾಲಕನಾಗಿದ್ದ ಮಾರ್ಟಿನ್ ರಿಂಕಾರ್ಟನು ತನ್ನ ಸೇವೆಯ ಬಹುಭಾಗವನ್ನು ಮೂವತ್ತು ವರ್ಷಗಳ ಮಹಾಯುದ್ಧದ ನಡುವೆಯೇ ಕಳೆದವನು. ಸುತ್ತಲಿನ ಹಳ್ಳಿಗಳಿಂದ ಓಡಿಬಂದ ನಿರಾಶ್ರಿತರಿಂದ ಪಟ್ಟಣ ಕಿಕ್ಕಿರಿದಿದ್ದಾಗ, 1637ರಲ್ಲಿ, ಮಹಾಮಾರಿ ಕಾಲಿಟ್ಟಿತು. ಊರಿನ ಇತರ ಪಾಲಕರಲ್ಲಿ ಒಬ್ಬನು ಊರು ಬಿಟ್ಟನು, ಇಬ್ಬರು ಸತ್ತರು. ಆ ಇಬ್ಬರನ್ನು ಮಣ್ಣುಮಾಡಿದವನೂ ರಿಂಕಾರ್ಟನೇ. ದಿನಕ್ಕೆ ನಲವತ್ತು ಐವತ್ತು ಶವಗಳಿಗೆ ಅಂತ್ಯಪ್ರಾರ್ಥನೆಯನ್ನು ಅವನೊಬ್ಬನೇ ಓದಿದ ದಿನಗಳಿದ್ದವು. ಆ ವರ್ಷ ಅವನು ಹೀಗೆ ಕಳುಹಿಸಿಕೊಟ್ಟವರ ಸಂಖ್ಯೆ 4,000ಕ್ಕೂ ಹೆಚ್ಚು. ಅವರಲ್ಲಿ ಅವನ ಹೆಂಡತಿಯೂ ಒಬ್ಬಳು. ಮಾರಿಯ ಬೆನ್ನ ಹಿಂದೆ ಕ್ಷಾಮ ಬಂದಿತು. ಸತ್ತ ಬೆಕ್ಕಿಗಾಗಿ, ಕಾಗೆಗಾಗಿ ಜನರು ಬೀದಿಯಲ್ಲಿ ಕಾದಾಡಿದರು. ರಿಂಕಾರ್ಟನು ತನ್ನ ಮನೆಯವರ ಪ್ರಾಣಧಾರಣೆಗೆ ಬೇಕಾದಷ್ಟನ್ನು ಮಾತ್ರ ಉಳಿಸಿಕೊಂಡು ಮಿಕ್ಕುದನ್ನೆಲ್ಲ ಹಂಚಿದನು.

ಜಗತ್ತಿನ ಪ್ರೊಟೆಸ್ಟಂಟ್ ಸಭೆಗಳಲ್ಲೆಲ್ಲ ಇಂದಿಗೂ ಹಾಡುವ ಅತ್ಯಂತ ಪ್ರಸಿದ್ಧವಾದ ಕೃತಜ್ಞತಾಗೀತೆಯನ್ನು ರಚಿಸಿದವನು ಇವನು. ಮಹಾಮಾರಿಯ ಉರಿಯ ನಡುವೆ ಅದು ಹುಟ್ಟಿತೆಂದು ಉಪದೇಶಕರು ಹೇಳುವುದುಂಟು. ಯುದ್ಧಾನಂತರದ 1648ರ ಶಾಂತಿಗಾಗಿ ಹುಟ್ಟಿತೆಂದು ಹೇಳುವವರೂ ಉಂಟು. ಆದರೆ ವಿದ್ವಾಂಸರು ಅದರ ರಚನೆಯನ್ನು ಸುಮಾರು 1636ರ ಕಾಲಕ್ಕೆ, ಎಂದರೆ ಮಾರಿ ಬರುವುದಕ್ಕೆ ಮೊದಲೇ ಇಡುತ್ತಾರೆ. ಅದಕ್ಕೆ ಅವನು ಕೊಟ್ಟ ಹೆಸರು ‘ಊಟದ ಚಿಕ್ಕ ಪ್ರಾರ್ಥನೆ’ ಎಂಬರ್ಥದ್ದು. ತನ್ನ ಮಕ್ಕಳು ಊಟದ ಹೊತ್ತಿಗೆ ಹೇಳಲೆಂದು ಅವನು ಬರೆದುಕೊಟ್ಟದ್ದು. ದಂತಕಥೆಗಿಂತ ಈ ಸಾಧಾರಣ ಸತ್ಯವೇ ನನ್ನನ್ನು ಹೆಚ್ಚು ಕಲಕುತ್ತದೆ. ಸ್ಮಶಾನದಲ್ಲಿ ನಿಂತು ಒಮ್ಮೆಲೆ ಕೃತಜ್ಞನಾಗಬಲ್ಲವನು ಯಾರೂ ಇಲ್ಲ. ಹಾಲು ಚೆಲ್ಲಿದ, ಮಗು ಅತ್ತ, ಗಂಜಿ ತೆಳುವಾದ ಯಾವುದೋ ಒಂದು ಸಂಜೆ ಮಕ್ಕಳಿಗೆ ಕೈಮುಗಿಯಲು ಕಲಿಸಿದ ತಂದೆಗೆ, ಆ ಮಕ್ಕಳ ತಾಯಿಯ ಸ್ಥಾನ ಊಟದ ಮೇಜಿನ ಬಳಿ ಶೂನ್ಯವಾದ ಸಂಜೆಯಲ್ಲಿಯೂ ಅದೇ ಮಾತುಗಳು ಬಾಯಿಗೆ ಬಂದಿರಬೇಕು, ಗಂಟಲು ಕಟ್ಟಿದರೂ ಬಂದಿರಬೇಕು. ಅನುದಿನದಲ್ಲಿ ಕೂಡಿಟ್ಟದ್ದನ್ನೇ ಆಪತ್ತಿನಲ್ಲಿ ಉಣ್ಣಬೇಕು, ಬೇರೆ ಕಣಜವಿಲ್ಲ. 1757ರಲ್ಲಿ ಲಾಯ್ಟನ್ ಎಂಬಲ್ಲಿ ಕಾದಾಡಿ ಗೆದ್ದ ಪ್ರಶಿಯದ ಸೈನಿಕರು ರಣರಂಗದಲ್ಲಿ ಇದೇ ಗೀತೆಯನ್ನು ಹಾಡಿದರೆಂದು ಪ್ರಸಿದ್ಧಿಯಿದೆ. ಅಲ್ಲಿಂದ ಅದಕ್ಕೆ ರಾಜಮರ್ಯಾದೆ ದೊರೆಯಿತು. ಮಕ್ಕಳ ಊಟದ ಪ್ರಾರ್ಥನೆಯನ್ನು ಹೆಣಗಳ ನಡುವೆ ವಿಜಯಗೀತೆಯನ್ನಾಗಿ ಮಾಡಿದ್ದನ್ನು ನಾನು ಮರ್ಯಾದೆಯೆಂದು ಎಣಿಸಲಾರೆ. ಅದರ ನಿಜವಾದ ಸ್ಥಾನ ಗಂಜಿಯ ಬಟ್ಟಲಿನ ಮುಂದೆ.

ದೇವರ ಸ್ತೋತ್ರವನ್ನು ಹೊಸ ಮೋಟಾರಿಗೂ ಬಡ್ತಿಗೂ ರಸೀತಿಯಂತೆ ಬರೆದುಕೊಡುವ ಐಶ್ವರ್ಯೋಪದೇಶಕರಿಗೆ ರಿಂಕಾರ್ಟನ ಊಟದ ಮೇಜನ್ನು ತೋರಿಸಿದರೆ ಸಾಕು, ಹೆಚ್ಚಿನ ಉತ್ತರ ಬೇಕಿಲ್ಲ.

ಆದರೆ ಎರಡನೆಯ ಆಕ್ಷೇಪವೊಂದಿದೆ. ಅದು ನನ್ನ ಮಿತ್ರರ ಆಕ್ಷೇಪಕ್ಕಿಂತಲೂ ತೀಕ್ಷ್ಣವಾದುದು, ಅದನ್ನು ತಗ್ಗಿದ ತಲೆಯಿಂದ ಕೇಳಬೇಕಾದುದು. ಕೃತಜ್ಞತೆಯ ಉಪದೇಶವನ್ನು ಕುಟುಂಬದಲ್ಲಿ ಯಾವಾಗಲೂ ಕೆಳಗಿರುವವರಿಗೇ ಮಾಡಲಾಗುತ್ತದೆಂಬುದು ಅದರ ಸಾರ. ಇದ್ದುದರಲ್ಲಿ ತೃಪ್ತಿಪಡು, ಗಂಡನು ಕುಡಿದರೂ ಮನೆಗೆ ಬರುತ್ತಾನಲ್ಲ ಎಂದು ದೇವರಿಗೆ ಸ್ತೋತ್ರ ಹೇಳು, ಅತ್ತೆ ಬೈದರೂ ಅನ್ನ ಹಾಕುತ್ತಾಳಲ್ಲ ಎಂದು ನೆನೆ, ಎಂದು ಕಣ್ಣೀರಿಡುವ ಸೊಸೆಗೆ ಹೇಳಿದ ಹಿರಿಯರನ್ನು ನಾನು ನಮ್ಮ ಸಭೆಗಳಲ್ಲಿಯೇ ಕಂಡಿದ್ದೇನೆ. ಹೊಡೆತದ ಗುರುತಿನ ಮೇಲೆ ಸತ್ಯವೇದದ ಮಾತನ್ನು ಮುಲಾಮಿನಂತೆ ಬಳಿದು ಕಳುಹಿಸುವುದನ್ನು ಕಂಡಿದ್ದೇನೆ. ಇದನ್ನು ಕೃತಜ್ಞತೆಯೆಂದು ಕರೆಯುವುದು ದೇವರ ಹೆಸರನ್ನು ವ್ಯರ್ಥವಾಗಿ ಎತ್ತುವುದಲ್ಲದೆ ಬೇರೇನೂ ಅಲ್ಲ. ಥೆಸಲೋನಿಕದವರಿಗೆ ಬರೆದ ಮೊದಲ ಪತ್ರದಲ್ಲಿ ಪೌಲನು ಬೇಡಿದ್ದು ಎಲ್ಲ ಪರಿಸ್ಥಿತಿಗಳಲ್ಲಿ ಸ್ತೋತ್ರಮಾಡುವುದನ್ನು. ಎಲ್ಲ ಕೇಡಿಗಾಗಿಯೂ ಸ್ತೋತ್ರಮಾಡಿರೆಂದು ಆ ಮಾತಿನ ಅರ್ಥವಲ್ಲ. ಆ ಒಂದು ವಿಭಕ್ತಿಯ ಅಂತರದಲ್ಲಿ ಎಷ್ಟೋ ಹೆಂಗಸರ ಆಯುಷ್ಯ ಅಡಗಿದೆ. ಗೋಳಾಡುವುದಕ್ಕೆ ಇಡೀ ಒಂದು ಗ್ರಂಥವನ್ನೇ ಬಿಟ್ಟುಕೊಟ್ಟಿರುವ, ಯೋಬನ ಕೂಗನ್ನು ನಲವತ್ತೆರಡು ಅಧ್ಯಾಯಗಳಲ್ಲಿ ಕೇಳಿಸಿಕೊಂಡಿರುವ, ದಾವೀದನ ಹೆಸರಿನ ಕೀರ್ತನೆಗಳಲ್ಲಿ ದೂರನ್ನೂ ಸ್ತೋತ್ರವನ್ನೂ ಅಕ್ಕಪಕ್ಕದಲ್ಲಿ ಕುಳ್ಳಿರಿಸಿರುವ ಧರ್ಮವು ಯಾರ ಬಾಯನ್ನೂ ಮುಚ್ಚಲೆಂದು ಕೃತಜ್ಞತೆಯನ್ನು ಬೋಧಿಸಿರಲಾರದು. ಕೃತವನ್ನು ಅರಿಯುವುದೆಂದರೆ ಒಳಿತನ್ನು ಒಳಿತೆಂದು ಅರಿಯುವಂತೆಯೇ ಕೇಡನ್ನು ಕೇಡೆಂದು ಅರಿಯುವುದೂ ಹೌದು. ಎರಡೂ ಒಂದೇ ಕಣ್ಣಿನ ಕೆಲಸ.

ಆದುದರಿಂದ ಈ ವಿದ್ಯೆಯನ್ನು ಮೊದಲು ಕಲಿಯಬೇಕಾದವರು ಪಡೆಯುವವರು, ಎಂದರೆ ಮನೆಯಲ್ಲಿ ಹೆಚ್ಚು ಪಡೆಯುವ ನಾವು ಗಂಡಸರು. ಬಿಸಿ ರೊಟ್ಟಿಯ ಮುಂದೆ ಕಣ್ಣುಮುಚ್ಚಿ ಪರಲೋಕದ ತಂದೆಗೆ ದೀರ್ಘವಾದ ಸ್ತೋತ್ರವನ್ನು ಅರ್ಪಿಸಿ, ಕಣ್ಣು ತೆರೆದ ಕೂಡಲೆ, ಒಲೆಯ ಹೊಗೆಯಲ್ಲಿ ಕಣ್ಣೊರಸಿಕೊಳ್ಳುತ್ತ ನಿಂತವಳನ್ನು ನೋಡದೆ ಉಪ್ಪು ಸಾಲದೆಂದು ಗೊಣಗುವವನ ಪ್ರಾರ್ಥನೆ ಮೇಲಕ್ಕೆ ಹೋಯಿತೆಂದು ನಾನು ನಂಬುವುದಿಲ್ಲ. ದೇವರಿಗೆ ಸಲ್ಲಿಸಿದ ಸ್ತೋತ್ರ ದೇವರ ಕೈಯಾಗಿ ದುಡಿದವರನ್ನು ಬಳಸಿಕೊಂಡು ಹೋದರೆ, ಅದು ಕೂಲಿಯವನನ್ನು ಹಿಂದೆ ಬಿಟ್ಟು ಯಜಮಾನನಿಗೆ ಸಲಾಮು ಹೊಡೆದಂತೆ. ಆ ಯಜಮಾನನಾದರೋ ಕೂಲಿಯವನ ಪಕ್ಷದವನು.

ಕರಾವಳಿಯ ಕಥೊಲಿಕ್ ಬಂಧುಗಳಲ್ಲಿ ದೇವರಿಗೂ ಮನೆಯವರಿಗೂ ಸಲ್ಲುವ ಈ ಎರಡು ಸ್ತೋತ್ರಗಳನ್ನು ಬೇರ್ಪಡಿಸದೆ ಕೂಡಿಸುವ ಒಂದು ಸುಂದರವಾದ ಆಚರಣೆಯನ್ನು ಕಂಡಿದ್ದೇನೆ. ಕನ್ಯಾಮರಿಯಮ್ಮನವರ ಜನ್ಮದಿನವಾದ ಸೆಪ್ಟೆಂಬರ್ 8ರಂದು ಅವರು ಆಚರಿಸುವ ಮೊಂತಿ ಹಬ್ಬವನ್ನು ಕನ್ನಡದಲ್ಲಿ ತೆನೆಹಬ್ಬವೆಂದೇ ಕರೆಯುತ್ತಾರೆ. ಅದಕ್ಕೆ ಮುಂಚಿನ ಒಂಬತ್ತು ದಿನ ಮಕ್ಕಳು ಮಳೆಗಾಲದ ಹೂಗಳನ್ನು ಬುಟ್ಟಿಗಳಲ್ಲಿ ತಂದು ಬಾಲಮರಿಯಮ್ಮನ ಪ್ರತಿಮೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಗುರುಗಳು ಹೊಸ ಭತ್ತದ ತೆನೆಗಳನ್ನು ಆಶೀರ್ವದಿಸಿ ಮನೆಮನೆಗೂ ಹಂಚುತ್ತಾರೆ. ತೆನೆಯನ್ನು ಮನೆಯ ದೇವರ ಪೀಠದ ಮುಂದಿಟ್ಟು, ಮೇಣದಬತ್ತಿ ಹಚ್ಚಿ, ಪ್ರಾರ್ಥಿಸಿ, ಕಾಳುಗಳನ್ನು ಸುಲಿದು ಪುಡಿಮಾಡಿ ಹಾಲಿನಲ್ಲಿಯೋ ಪಾಯಸದಲ್ಲಿಯೋ ಬೆರೆಸಿ, ಮನೆಯ ಹಿರಿಯರು ಒಬ್ಬೊಬ್ಬರಿಗೂ ಹಂಚುತ್ತಾರೆ; ಅನಂತರ ಬಾಳೆಲೆಯ ಮೇಲೆ ತರಕಾರಿಗಳ ಊಟ. ನಾನು ಅತಿಥಿಯಾಗಿ ಹೋಗಿದ್ದ ಮನೆಯೊಂದರಲ್ಲಿ ಅಜ್ಜಿಯು ಏಳೆಂಟು ಕಾಳುಗಳನ್ನು ಬೇರೆಯಾಗಿ ಕಾಗದದಲ್ಲಿ ಮಡಿಸಿಟ್ಟಳು. ಮುಂಬಯಿಯಲ್ಲಿರುವ ಮಗನಿಗೂ ಕೊಲ್ಲಿಯ ನಾಡಿನಲ್ಲಿರುವ ಮೊಮ್ಮಗಳಿಗೂ ಅವು ಲಕೋಟೆಯಲ್ಲಿ ಹೋಗಬೇಕಾಗಿದ್ದವು; ದೂರದಲ್ಲಿರುವವರಿಗೆ ಹೀಗೆ ಹೊಸ ಕಾಳನ್ನು ಕಳುಹಿಸುವ ಪದ್ಧತಿ ಅಲ್ಲಿ ಹಿಂದಿನಿಂದ ನಡೆದುಬಂದಿದೆ. ಹೊಲದ ಬೆಳೆಗಾಗಿ ದೇವರಿಗೆ ಸಲ್ಲಿದ ಸ್ತೋತ್ರ, ಪಾಲು ಹಂಚುವಾಗ ಮನೆಯವರ ಹಾಜರಿಯಾಗಿ, ಇಲ್ಲದವರ ನೆನಪಾಗಿ ಇಳಿದುಬರುವುದನ್ನು ಅಂದು ಕಣ್ಣಾರೆ ಕಂಡೆನು. ಉಪನ್ಯಾಸಕರ ಪುಸ್ತಕದಲ್ಲಿ ಬರೆದಿಟ್ಟ ಮೂರು ಸಂಗತಿಗಳು ಪುಸ್ತಕದಲ್ಲಿಯೇ ಉಳಿಯುತ್ತವೆ. ಈ ಏಳೆಂಟು ಕಾಳುಗಳು ಸಮುದ್ರವನ್ನು ದಾಟುತ್ತವೆ.

ಕ್ರೈಸ್ತ ಆರಾಧನೆಯ ಕೇಂದ್ರವಾದ ಕರ್ತನ ಭೋಜನಕ್ಕೆ ಆದಿಸಭೆಯವರು ಇಟ್ಟ ಗ್ರೀಕ್ ಹೆಸರು ಯೂಕರಿಸ್ತಿಯ, ಎಂದರೆ ಕೃತಜ್ಞತಾಸ್ತುತಿ. ಗ್ರೀಸಿನಲ್ಲಿ ಇಂದಿಗೂ ಜನರು ಒಬ್ಬರಿಗೊಬ್ಬರು ಉಪಕಾರಸ್ಮರಣೆಯನ್ನು ಹೇಳುವುದು ಇದೇ ಮೂಲದ ಪದದಿಂದ. ಆ ಭೋಜನ ನಡೆದದ್ದು ಯಾವ ರಾತ್ರಿ ಎಂಬುದನ್ನು ನಾವು ಮರೆಯುತ್ತೇವೆ. ತನ್ನನ್ನು ಹಿಡಿದುಕೊಡುವವನು ಅದೇ ಪಂಕ್ತಿಯಲ್ಲಿ ಕುಳಿತಿದ್ದಾನೆಂದು ಬಲ್ಲವನೊಬ್ಬನು, ಮಾರನೆಯ ದಿನ ತನಗೊದಗಲಿರುವುದನ್ನೂ ಬಲ್ಲವನು, ರೊಟ್ಟಿಯನ್ನು ಕೈಗೆತ್ತಿಕೊಂಡು ಸ್ತೋತ್ರಮಾಡಿ ಮುರಿದನು. ಅದೇ ರಾತ್ರಿ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಶಿಷ್ಯರ ಕಾಲುಗಳನ್ನು ತೊಳೆದನೆಂದು ಯೋಹಾನನು ಹೇಳುತ್ತಾನೆ. ಬಡಿಸುವವನೂ ತೊಳೆಯುವವನೂ ಸ್ತೋತ್ರಮಾಡುವವನೂ ಒಬ್ಬನೇ ಆದ ಈ ಊಟವನ್ನು ಪ್ರತಿಯೊಂದು ಸಭೆಯೂ ಸ್ಮರಿಸುತ್ತದೆ. ಸ್ಮರಿಸಿ ಮನೆಗೆ ಬಂದ ಮೇಲೆ ನಮ್ಮ ಪಂಕ್ತಿಯಲ್ಲಿ ಕೊನೆಗೆ ಉಣ್ಣುವವರು ಯಾರೆಂಬುದನ್ನು ಮಾತ್ರ ಕೇಳಿಕೊಳ್ಳುವುದಿಲ್ಲ. ನೆಮ್ಮದಿಯ ನಿದ್ರೆಯೇ ಕೃತಜ್ಞತೆಯ ಫಲವೆಂದಾದರೆ ಆ ರಾತ್ರಿಯ ಸ್ತೋತ್ರ ನಿಷ್ಫಲವಾಯಿತೆಂದು ಹೇಳಬೇಕಾಗುತ್ತದೆ, ಏಕೆಂದರೆ ಆ ರಾತ್ರಿ ಅವನು ನಿದ್ರಿಸಲಿಲ್ಲ.

ಹಿಂದಿನ ಸಾಲಿನ ವೃದ್ಧೆಯ ಪ್ರಶ್ನೆಗೆ ನನಗೆ ಉತ್ತರ ದೊರೆತದ್ದು ಗ್ರಂಥಗಳಿಂದಲ್ಲ, ನನ್ನ ತಂದೆಯಿಂದ. ಅವರು ನಲವತ್ತು ವರ್ಷ ನಮ್ಮ ಮನೆಯ ಕುಟುಂಬ ಪ್ರಾರ್ಥನೆಯನ್ನು ನಡೆಸಿದವರು. ಅವರ ಪ್ರಾರ್ಥನೆಯ ಮಾತುಗಳು ನಮಗೆಲ್ಲ ಬಾಯಿಪಾಠವಾಗಿದ್ದವು. ನೀನು ಕೊಟ್ಟ ಈ ರೊಟ್ಟಿಗಾಗಿ ಸ್ತೋತ್ರ ಎಂಬಲ್ಲಿಗೆ ಬಂದಾಗ ಇನ್ನು ಮುಗಿಯಿತೆಂದು ಮಕ್ಕಳಾದ ನಾವು ಒಂದು ಕಣ್ಣನ್ನು ತೆರೆಯುತ್ತಿದ್ದೆವು. ಅವ್ವ ದಿನವೂ ನಸುಕಿನಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಆ ಸಪ್ಪಳಕ್ಕೇ ನಾವು ಏಳುತ್ತಿದ್ದೆವು, ಅದು ಕೋಳಿಯ ಕೂಗಿನಂತೆ ತಾನಾಗಿ ಕೇಳಿಬರುವ ಸಪ್ಪಳವೆಂದು ತಿಳಿದಿದ್ದೆವು. ದಿನಕ್ಕೆ ಇಪ್ಪತ್ತು ರೊಟ್ಟಿಯೆಂದು ಹಿಡಿದರೂ ನಲವತ್ತು ವರ್ಷಕ್ಕೆ 2,92,000 ಆಗುತ್ತದೆಂದು ನಾನು ಲೆಕ್ಕಹಾಕಿದ್ದು ಬಹಳ ತಡವಾಗಿ. ಒಂದು ಮಳೆಗಾಲದಲ್ಲಿ ಅವ್ವ ಹಿತ್ತಲಲ್ಲಿ ಜಾರಿ ಬಿದ್ದು ತೊಡೆಯ ಎಲುಬು ಮುರಿದುಕೊಂಡಳು. ಅಪ್ಪ ಅರವತ್ತೆಂಟನೆಯ ವಯಸ್ಸಿನಲ್ಲಿ ಮೊದಲ ಸಲ ಪರಾತದ ಮುಂದೆ ಕುಳಿತರು. ಕುದಿಯುವ ನೀರು ಹಾಕಿದ ಹಿಟ್ಟನ್ನು ನಾದಿ ಅಂಗೈ ಕೆಂಪಾಯಿತು; ರೊಟ್ಟಿಗಳು ಅಂಚಿನಲ್ಲಿ ಸೀಳಿದವು, ಹಂಚಿನ ಮೇಲೆ ಸೀದವು; ಆರು ರೊಟ್ಟಿಗಳಾಗುವಷ್ಟರಲ್ಲಿ ಎರಡು ಬೆರಳು ಸುಟ್ಟವು.

ಅಂದು ಸಂಜೆ ಅವ್ವನ ಮಂಚದ ಬಳಿಯೇ ಚಾಪೆ ಹಾಸಿ ಕುಳಿತೆವು. ಅಪ್ಪ ಎಂದಿನ ಮಾತುಗಳಿಂದಲೇ ಪ್ರಾರ್ಥನೆಯನ್ನು ಆರಂಭಿಸಿದರು. ರೊಟ್ಟಿಯ ಮಾತಿಗೆ ಬಂದಾಗ ನಿಂತರು. ಬಹಳ ಹೊತ್ತು ನಿಂತರು. ಆಮೇಲೆ, ನಾವು ಎಂದೂ ಕೇಳದಿದ್ದ ದನಿಯಲ್ಲಿ, ಇಷ್ಟು ವರ್ಷ ರೊಟ್ಟಿ ಕೊಟ್ಟವನನ್ನು ನೆನೆದೆನು, ರೊಟ್ಟಿ ಬಡಿದವಳನ್ನು ನೆನೆಯಲಿಲ್ಲ, ಸ್ವಾಮೀ, ನನಗೆ ಗೊತ್ತೇ ಇರಲಿಲ್ಲ ಎಂದು ಹೇಳಿ, ಅವ್ವನ ಹೆಸರನ್ನು ಹಿಡಿದು ಸ್ತೋತ್ರ ಹೇಳಿದರು. ಗಂಡನ ಬಾಯಲ್ಲಿ ತನ್ನ ಹೆಸರನ್ನು ಅವ್ವ ಎಷ್ಟು ವರ್ಷಗಳಿಗೊಮ್ಮೆ ಕೇಳಿದ್ದಳೋ ತಿಳಿಯದು. ಅವಳು ಗೋಡೆಯ ಕಡೆಗಿದ್ದ ಮುಖವನ್ನು ಮೆಲ್ಲಗೆ ಇತ್ತ ತಿರುಗಿಸಿ, ಅಪ್ಪನ ಸುಟ್ಟ ಬೆರಳುಗಳನ್ನು ನೋಡುತ್ತ, “ಆಮೆನ್ ಅನ್ರಿ, ರೊಟ್ಟಿ ಆರತಾವ” ಎಂದಳು.